ಜಿಕೊ ಕೋಚ್ ಆಗಿ ಸೋತರಾ?

ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆ: "ಎಫ್‌ಸಿ ಗೋವಾ ಫುಟ್‌ಬಾಲ್ ತಂಡದಲ್ಲಿ ಬ್ರೆಜಿಲ್‌ನ ಜಿಕೊ ಮೂರು ಸೀಸನ್ ಕೋಚ್ ಆಗಿದ್ದರು, ಒಂದು ಕಪ್ಪೂ ಬರಲಿಲ್ಲ. ಜಪಾನ್ ತಂಡವನ್ನು ವಿಶ್ವಕಪ್‌ಗೆ ಕರೆದುಕೊಂಡು ಹೋಗಿ ಮೊದಲ ಸುತ್ತಲ್ಲೇ ವಾಪಸ್ ಬಂದರು. ಬ್ರೆಜಿಲ್ ತಂಡದ ಕೋಚ್ ಅಂತೂ ಆಗಲೇ ಇಲ್ಲ. ಇಷ್ಟು ದೊಡ್ಡ ಆಟಗಾರ ಕೋಚ್ ಆಗಿ ಯಾಕೆ ಸೋತರು? ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗಲ್ಲ ಅನ್ನುವ ಮಾತು ನಿಜವಾ? ಅವರ ಕೋಚಿಂಗ್ ಅರ್ಥ ಆಗಬೇಕಾದರೆ ಯಾವ ಪಂದ್ಯ ನೋಡಬೇಕು?"

ಉತ್ತರ:

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಗೋವಾ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಜಿಕೊ ಕೋಚ್ ಆಗಿ 2004ರಲ್ಲಿ ಜಪಾನ್‌ಗೆ ಏಷ್ಯಾ ಕಪ್ ಗೆದ್ದುಕೊಟ್ಟರು. ಟರ್ಕಿಯ ಫೆನರ್‌ಬಾಚೆಗೆ 2007ರಲ್ಲಿ ಲೀಗ್ ಗೆದ್ದುಕೊಟ್ಟರು, ಅದೂ ಆ ಕ್ಲಬ್ಬಿನ ನೂರನೇ ವರ್ಷದಲ್ಲಿ. ಉಜ್ಬೇಕಿಸ್ತಾನದ ಬುನ್ಯೋದ್ಕೋರ್‌ನಲ್ಲಿ ಕೆಲವೇ ತಿಂಗಳಿದ್ದು ಲೀಗ್, ಕಪ್ ಎರಡನ್ನೂ ಎತ್ತಿದರು. ಮಾಸ್ಕೋದ ಸಿಎಸ್‌ಕೆಎಯಲ್ಲಿ ರಷ್ಯನ್ ಕಪ್ ಬಂತು. ಇದನ್ನು ಸೋಲು ಅಂತ ಹೇಗೆ ಕರೆಯೋದು ಹೇಳಿ. ಹಾಗಂತ ಇವರು ದೊಡ್ಡ ಕೋಚ್ ಅಂತ ವಾದ ಮಾಡುವುದಕ್ಕೂ ನಾನು ತಯಾರಿಲ್ಲ. ಜಿಕೊಗೆ ಒಂದು ಕೆಲಸ ಬಹಳ ಚೆನ್ನಾಗಿ ಬರುತ್ತಿತ್ತು, ಇನ್ನೊಂದು ಅಷ್ಟಾಗಿ ಬರುತ್ತಿರಲಿಲ್ಲ. ನಾವು ನೋಡಿದ್ದು ಜಾಸ್ತಿ ಎರಡನೆಯದನ್ನೇ.

ಆಟಗಾರನಾಗಿ ಅವರ ಕಥೆ ನಿಮಗೆ ಗೊತ್ತಿರುತ್ತದೆ, ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1953ರಲ್ಲಿ, ರಿಯೊ ಡಿ ಜನೈರೊದ ಹೊರವಲಯದ ಕಿಂಟಿನೊ ಎಂಬ ಬಡಾವಣೆಯಲ್ಲಿ. ನಿಜವಾದ ಹೆಸರು ಆರ್ತರ್ ಆಂಟೂನಿಸ್ ಕೊಯಿಂಬ್ರಾ. ಅಪ್ಪ ದರ್ಜಿ. ಮನೆ ತುಂಬ ಫುಟ್‌ಬಾಲ್, ಅಣ್ಣಂದಿರೂ ಆಡುತ್ತಿದ್ದವರೇ. ಫ್ಲಮೆಂಗೊ ಕ್ಲಬ್ಬಿಗೆ ಸೇರಿದಾಗ ಹುಡುಗ ಕಡ್ಡಿಯ ಹಾಗಿದ್ದ, ಕ್ಲಬ್ಬಿನವರೇ ವ್ಯಾಯಾಮ, ಊಟ ಎಲ್ಲ ಗೊತ್ತುಮಾಡಿ ಮೈ ಬೆಳೆಸಿದರು. ಆಮೇಲೆ ಅದೇ ಕ್ಲಬ್ಬಿಗೆ 500ಕ್ಕೂ ಜಾಸ್ತಿ ಗೋಲು ಹೊಡೆದರು. 1981ರಲ್ಲಿ ದಕ್ಷಿಣ ಅಮೆರಿಕದ ಲಿಬರ್ಟಡೋರಿಸ್ ಕಪ್ ಗೆದ್ದ ಪಂದ್ಯದ ಎರಡೂ ಗೋಲು ಜಿಕೊ ಅವರದೇ. ಅದೇ ವರ್ಷ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಲಿವರ್‌ಪೂಲ್ ತಂಡವನ್ನು 3–0ಯಿಂದ ಬಡಿದರು. ಅಂದು ಜಿಕೊ ಗೋಲು ಹೊಡೆಯಲಿಲ್ಲ, ಆದರೆ ಪಂದ್ಯದ ಶ್ರೇಷ್ಠ ಆಟಗಾರ ಅವರೇ. ಆ ಟೋಕಿಯೊ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇಟಲಿಯ ಉಡಿನೆಸೆ ಅನ್ನುವ ಸಣ್ಣ ಕ್ಲಬ್ಬಿಗೆ 1983ರಲ್ಲಿ ಹೋದರು. ಮೊದಲ ಸೀಸನ್‌ನಲ್ಲೇ 19 ಗೋಲು. ಆ ಸೀಸನ್‌ನಲ್ಲಿ ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ ಹೊಡೆದ ಫ್ರಾನ್ಸಿನ ಪ್ಲಾಟಿನಿಯದು 20.

ವಿಶ್ವಕಪ್ ಮಾತ್ರ ಅವರಿಗೆ ಒಲಿಯಲೇ ಇಲ್ಲ. 1978ರಲ್ಲಿ ಸ್ವೀಡನ್ ವಿರುದ್ಧ ಕಾರ್ನರ್ ಕಿಕ್‌ಗೆ ತಲೆ ಕೊಟ್ಟು ಚೆಂಡನ್ನು ಬಲೆಗೆ ಕಳಿಸಿದರು. ಚೆಂಡು ಇನ್ನೂ ಗಾಳಿಯಲ್ಲಿದ್ದಾಗಲೇ ಪಂದ್ಯ ಮುಗಿಯಿತು ಅಂತ ರೆಫರಿ ಸೀಟಿ ಊದಿದ್ದರು! 1982ರಲ್ಲಿ ಬಾರ್ಸಿಲೋನಾದಲ್ಲಿ ಇಟಲಿ ವಿರುದ್ಧ 3–2 ಸೋಲು. ಇಟಲಿಯ ಜೆಂಟಿಲೆ ಹಿಡಿದೆಳೆದು ಜಿಕೊ ಅವರ ಜೆರ್ಸಿಯೇ ಹರಿದುಹೋಗಿತ್ತು. 1986ರ ಫ್ರಾನ್ಸ್ ಪಂದ್ಯ ನಮ್ಮಲ್ಲಿ ದೂರದರ್ಶನದಲ್ಲಿ ರಾತ್ರಿ ಬಂದಿತ್ತು, ನನ್ನ ವಯಸ್ಸಿನ ಎಷ್ಟೋ ಜನರಿಗೆ ಜಿಕೊ ಅಂದರೆ ಆ ರಾತ್ರಿಯೇ. ಅದಕ್ಕೆ ಹಿಂದಿನ ವರ್ಷ ರಿಯೊದ ಒಂದು ಪಂದ್ಯದಲ್ಲಿ ಎದುರಾಳಿಯ ಒರಟು ಟ್ಯಾಕಲ್‌ಗೆ ಮೊಣಕಾಲು ಹಾಳಾಗಿತ್ತು. ಅರ್ಧಂಬರ್ಧ ವಾಸಿಯಾದ ಕಾಲಲ್ಲಿ ಬದಲಿ ಆಟಗಾರನಾಗಿ ಬಂದು, ಬಂದ ಕೂಡಲೇ ಒಂದು ಚೆಂದದ ಪಾಸ್ ಕೊಟ್ಟು ಪೆನಾಲ್ಟಿ ಸಿಗುವಂತೆ ಮಾಡಿ, ಆ ಪೆನಾಲ್ಟಿಯನ್ನು ತಾವೇ ಒದ್ದು, ಗೋಲ್‌ಕೀಪರ್ ಬಾಟ್ಸ್ ಕೈಗೆ ಕೊಟ್ಟರು. ಆಮೇಲೆ ಶೂಟೌಟ್‌ನಲ್ಲಿ ಗೋಲು ಹೊಡೆದರು, ಆದರೆ ಅದು ಯಾರಿಗೆ ನೆನಪಿದೆ?

ಸರಿ, ಕೋಚಿಂಗ್‌ಗೆ ಬರೋಣ. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ.

1990ರಲ್ಲಿ ಮರಕಾನಾದಲ್ಲಿ ವಿದಾಯದ ಪಂದ್ಯ ಆಡಿ, ಬ್ರೆಜಿಲ್ ಸರ್ಕಾರದಲ್ಲಿ ಕ್ರೀಡಾ ಕಾರ್ಯದರ್ಶಿಯಾಗಿ ಒಂದು ವರ್ಷ ಕೂತರು. ಬೇಸರ ಆಯಿತು. 1991ರಲ್ಲಿ, 38ನೇ ವಯಸ್ಸಿನಲ್ಲಿ, ಜಪಾನಿನ ಕಾಶಿಮಾ ಎಂಬ ಊರಿಗೆ ಹೊರಟರು. ಟೋಕಿಯೊದಿಂದ ಪೂರ್ವಕ್ಕೆ, ಸಮುದ್ರದ ದಂಡೆಯ ಸಣ್ಣ ಊರು. ಅಲ್ಲಿದ್ದದ್ದು ಸುಮಿಟೊಮೊ ಮೆಟಲ್ಸ್ ಉಕ್ಕಿನ ಕಂಪನಿಯ ಟೀಮು, ಅದೂ ಎರಡನೇ ದರ್ಜೆಯ ಲೀಗಿನಲ್ಲಿ. ಆಡುವವರಲ್ಲಿ ಬಹಳ ಜನ ಕಂಪನಿಯ ನೌಕರರು. ನಮ್ಮ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಎಚ್‌ಎಎಲ್, ಐಟಿಐ ಟೀಮುಗಳು ಇದ್ದವಲ್ಲ, ಹೆಚ್ಚುಕಡಿಮೆ ಹಾಗೆ ಅಂದುಕೊಳ್ಳಿ. ಹತ್ತು ವರ್ಷದ ಹಿಂದೆ ಟೋಕಿಯೊದಲ್ಲಿ ಲಿವರ್‌ಪೂಲ್‌ಗೆ ಆಟ ಕಲಿಸಿದ ಮನುಷ್ಯ ಈ ಟೀಮಿಗೆ ಬಂದಿದ್ದರು.

ಆಗ ಜಪಾನಿನಲ್ಲಿ ಜೆ–ಲೀಗ್ ಎಂಬ ವೃತ್ತಿಪರ ಲೀಗ್ ಶುರುಮಾಡುವ ತಯಾರಿ ನಡೆದಿತ್ತು. ಕಾಶಿಮಾಗೆ ಅದರಲ್ಲಿ ಜಾಗ ಸಿಗುವುದು ಅಸಾಧ್ಯ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಸೂರು ಇರುವ, 15,000 ಜನ ಕೂರುವ ಸ್ಟೇಡಿಯಂ ಕಟ್ಟಿದರೆ ನೋಡೋಣ ಅಂತ ಲೀಗಿನವರು ಅಂದರು. ಆ ಸಣ್ಣ ಊರಿನವರು ಕಟ್ಟಿಯೇಬಿಟ್ಟರು. ಹೆಸರು ಕಾಶಿಮಾ ಆಂಟ್ಲರ್ಸ್ ಆಯಿತು. ಕಾಶಿಮಾ ಅನ್ನುವ ಹೆಸರಿನಲ್ಲಿ ಜಿಂಕೆ ಇದೆ, ಆಂಟ್ಲರ್ಸ್ ಅಂದರೆ ಜಿಂಕೆಯ ಕೊಂಬು. 1993ರ ಮೇ 16ರಂದು ಮೊದಲ ಪಂದ್ಯ, ಎದುರಿಗೆ ಇಂಗ್ಲೆಂಡಿನ ಗ್ಯಾರಿ ಲಿನೆಕರ್ ಇದ್ದ ನಗೋಯಾ ತಂಡ. ಕಾಶಿಮಾ 5, ನಗೋಯಾ 0. ಹ್ಯಾಟ್ರಿಕ್ ಹೊಡೆದವರು 40 ವರ್ಷದ ಜಿಕೊ. ಆ ಸೀಸನ್ನಿನ ಮೊದಲ ಹಂತವನ್ನೂ ಕಾಶಿಮಾವೇ ಗೆದ್ದಿತು.

ಆದರೆ ಗೋಲುಗಳಿಗಿಂತ ದೊಡ್ಡದು ಅವರು ಅಲ್ಲಿ ಕಲಿಸಿದ ಶಿಸ್ತು. ಟೀಮಿನಲ್ಲಿ ಕೋಚ್ ಬೇರೆ ಇದ್ದರೂ ಜಿಕೊ ಆಗಲೇ ಅರ್ಧ ಕೋಚ್. ತಂಡಕ್ಕೆ ತನ್ನನ್ನು ಕೊಟ್ಟುಕೊಳ್ಳುವುದು, ಪ್ರಾಮಾಣಿಕತೆ, ಗೌರವ. ಈ ಮೂರು ಮಾತನ್ನು ಕಾಶಿಮಾದವರು ಇವತ್ತಿಗೂ ಜಿಕೊ ಸ್ಪಿರಿಟ್ ಅಂತಲೇ ಕರೆಯುತ್ತಾರೆ. ಸ್ವಲ್ಪ ಶಾಲೆಯ ಗೋಡೆಬರಹದ ಹಾಗೆ ಕೇಳುತ್ತದೆ, ಒಪ್ಪುತ್ತೇನೆ. ಅದನ್ನು ಹೇಳಿಕೊಟ್ಟವರೇ 1994ರ ಜನವರಿಯಲ್ಲಿ ವರ್ಡಿ ಕವಾಸಾಕಿ ವಿರುದ್ಧದ ಚಾಂಪಿಯನ್‌ಶಿಪ್ ಪಂದ್ಯದಲ್ಲಿ, ಎದುರಾಳಿಗೆ ಸಿಕ್ಕ ಪೆನಾಲ್ಟಿಯಿಂದ ಸಿಟ್ಟಾಗಿ ಚೆಂಡಿನ ಬಳಿ ಉಗಿದು ಮೈದಾನದಿಂದ ಹೊರಗೆ ಹೋದರು. ಜಪಾನಿನಲ್ಲಿ ಫುಟ್‌ಬಾಲ್ ದೇವರು ಅಂತ ಕರೆಸಿಕೊಂಡವರಿಗೂ ಸೋಲು ಸಹಿಸೋದು ಕಷ್ಟ!

ಮುಂದೇನಾಯಿತು ನೋಡಿ. ಬ್ರೆಜಿಲ್‌ನಿಂದ ಲಿಯೊನಾರ್ಡೊ ಬಂದರು, ಜೊರ್ಜಿನ್ಯೊ ಬಂದರು, ಇಬ್ಬರೂ 1994ರ ವಿಶ್ವಕಪ್ ಗೆದ್ದ ತಂಡದವರು. ಜಿಕೊ ಅವರ ಅಣ್ಣ ಎಡು ಕೋಚ್ ಆಗಿ ಬಂದರು. 1996ರಲ್ಲಿ ಕಾಶಿಮಾ ಮೊದಲ ಸಲ ಲೀಗ್ ಗೆದ್ದಿತು. ಆಮೇಲೆ, 1982ರ ಆ ಬ್ರೆಜಿಲ್ ತಂಡದಲ್ಲಿ ಜಿಕೊ ಜೊತೆಗೇ ಆಡಿದ್ದ ಟೊನಿನ್ಯೊ ಸೆರೆಜೊ ಕೋಚ್ ಆಗಿ ಬಂದು 2000ದಲ್ಲಿ ದೇಶದ ಮೂರೂ ದೊಡ್ಡ ಕಪ್ ಗೆಲ್ಲಿಸಿದರು. ಓಸ್ವಾಲ್ಡೊ ಡಿ ಒಲಿವೇರಾ 2007ರಿಂದ 2009ರವರೆಗೆ ಸತತ ಮೂರು ಲೀಗ್ ಗೆಲ್ಲಿಸಿದರು. 2016ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಇದೇ ಊರಿನ ತಂಡ 2–2ಕ್ಕೆ ನಿಲ್ಲಿಸಿ ಹೆಚ್ಚುವರಿ ಸಮಯಕ್ಕೆ ಎಳೆದಿತ್ತು. ಸೋತಿತು, 4–2. 2018ರಲ್ಲಿ ಜಿಕೊ ಟೆಕ್ನಿಕಲ್ ಡೈರೆಕ್ಟರ್ ಆಗಿ ಮತ್ತೆ ಕಾಶಿಮಾಗೆ ಬಂದರು. ಅದೇ ವರ್ಷ ಕ್ಲಬ್ ಮೊದಲ ಸಲ ಏಷ್ಯನ್ ಚಾಂಪಿಯನ್ಸ್ ಲೀಗ್ ಗೆದ್ದಿತು.

ಇದರಲ್ಲಿ ಎಷ್ಟು ಜಿಕೊ ಪಾಲು, ಎಷ್ಟು ಬೇರೆಯವರದು ಅಂತ ತೂಗಿ ಹೇಳಲು ಬರುವುದಿಲ್ಲ. ಆದರೆ ಒಂದು ಕಂಪನಿ ಟೀಮನ್ನು ಕ್ಲಬ್ ಆಗಿ ಮಾಡಿದವರಲ್ಲಿ ಮೊದಲ ಹೆಸರು ಇವರದೇ. ಕಾಶಿಮಾದಲ್ಲಿ ಅವರ ಪ್ರತಿಮೆ ಇದೆ. ಇದನ್ನು ಬಿಟ್ಟು ಬರೀ ಜಪಾನ್ ತಂಡ, ಗೋವಾ ಅಂತ ಲೆಕ್ಕ ಹಾಕಿದರೆ ಮನೆ ಕಟ್ಟಿದ ಮೇಸ್ತ್ರಿಗೆ ಬಣ್ಣ ಸರಿಯಾಗಿ ಹೊಡೆದಿಲ್ಲ ಅಂತ ಬೈದ ಹಾಗಾಗುತ್ತದೆ.

ಈಗ ಜಪಾನ್ ರಾಷ್ಟ್ರೀಯ ತಂಡ. 2002ರಲ್ಲಿ ಇವರಿಗಿಂತ ಮುಂಚೆ ಕೋಚ್ ಆಗಿದ್ದವರು ಫ್ರಾನ್ಸಿನ ಟ್ರೂಸಿಯೆ. ಅವರದು ಮಿಲಿಟರಿ ಶಿಸ್ತು. ಯಾರು ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆ ಮುಂದೆ ಬರಬೇಕು, ಎಲ್ಲ ಅಳತೆ. ಜಿಕೊ ಬಂದು ಅದನ್ನೆಲ್ಲ ತೆಗೆದುಹಾಕಿದರು. ನೀವು ದೊಡ್ಡವರು, ಮೈದಾನದಲ್ಲಿ ನೀವೇ ಯೋಚನೆ ಮಾಡಿ ಅನ್ನುವ ಧೋರಣೆ. ಮೊದಲ ಪಂದ್ಯದಲ್ಲೇ ನಕಾಟಾ, ನಕಾಮುರಾ, ಓನೊ, ಇನಾಮೊಟೊ ನಾಲ್ವರನ್ನೂ ಮಿಡ್‌ಫೀಲ್ಡ್‌ನಲ್ಲಿ ಒಟ್ಟಿಗೇ ಇಳಿಸಿದರು. ಎಲ್ಲಿಂದ ಬಂತು ಈ ಯೋಚನೆ? 1982ರಿಂದಲೇ ಅಂತ ನನ್ನ ಅಭಿಪ್ರಾಯ. ಆಗಿನ ಬ್ರೆಜಿಲ್ ಕೋಚ್ ಟೆಲೆ ಸಂಟಾನಾ ಕೂಡ ಜಿಕೊ, ಸಾಕ್ರಟೀಸ್, ಫಲ್ಕಾವೊ, ಸೆರೆಜೊ ನಾಲ್ವರನ್ನೂ ಒಟ್ಟಿಗೆ ಆಡಿಸಿ ಆಟ ಅವರ ಕೈಗೆ ಬಿಟ್ಟಿದ್ದರು.

ಆದರೆ ಸ್ವಾತಂತ್ರ್ಯ ಕೊಟ್ಟರೆ ತಕ್ಷಣ ಬಳಸಲು ಎಲ್ಲರಿಗೂ ಬರುವುದಿಲ್ಲ. ಅಲ್ವಾ? 2004ರ ಫೆಬ್ರವರಿಯಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಸ್ವಂತ ನೆಲದಲ್ಲಿ ಓಮನ್ ವಿರುದ್ಧ ಗೆಲ್ಲಲು ಕೊನೇ ಗಳಿಗೆಯ ಗೋಲು ಬೇಕಾಯಿತು. ಜಿಕೊ ಹೊರಗೆ ಹೋಗಲಿ ಅಂತ ಅಭಿಮಾನಿಗಳು ಟೋಕಿಯೊದಲ್ಲಿ ಮೆರವಣಿಗೆ ಮಾಡಿದರು. ಅದೇ ಅರ್ಹತಾ ಸುತ್ತಿನಲ್ಲಿ ನಮ್ಮ ಭಾರತವೂ ಜಪಾನ್ ಗುಂಪಿನಲ್ಲಿತ್ತು. ಸೈತಾಮಾದಲ್ಲಿ 7–0, ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ 4–0. ಕೋಲ್ಕತ್ತಾದಲ್ಲಿ ಲೈಟ್ ಹೋಗಿ ಆಟ ತಡವಾಗಿತ್ತು. ಜಿಕೊಗೆ ಭಾರತದ ಪರಿಚಯ ಆದದ್ದು ಹೀಗೆ, ಕತ್ತಲಲ್ಲಿ.

ಅದೇ ವರ್ಷ ಚೀನಾದಲ್ಲಿ ಏಷ್ಯಾ ಕಪ್. ಪ್ರೇಕ್ಷಕರು ಪ್ರತಿ ಪಂದ್ಯದಲ್ಲೂ ಜಪಾನ್ ತಂಡವನ್ನು ಕೂಗಿ ಹೀಯಾಳಿಸುತ್ತಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಜೋರ್ಡಾನ್ ಜೊತೆ ಶೂಟೌಟ್. ಜಪಾನಿನ ಮೊದಲ ಎರಡೂ ಕಿಕ್ ಹಾಳು, ಒದೆಯುವವರ ಕಾಲು ಜಾರುತ್ತಿತ್ತು. ನಾಯಕ ಮಿಯಾಮೊಟೊ ರೆಫರಿ ಹತ್ತಿರ ಹೋಗಿ, ಈ ಕಡೆ ನೆಲ ಸರಿಯಿಲ್ಲ, ಆ ಕಡೆಯ ಗೋಲಿಗೆ ಬದಲಿಸಿ ಅಂತ ಕೇಳಿದರು. ರೆಫರಿ ಒಪ್ಪಿಬಿಟ್ಟರು! ಆಮೇಲೆ ಗೋಲ್‌ಕೀಪರ್ ಕವಾಗುಚಿ ಎದ್ದು ನಿಂತರು, ಜಪಾನ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಹತ್ತೇ ಜನ ಉಳಿದಿದ್ದರೂ ಬಹ್ರೇನ್ ವಿರುದ್ಧ 4–3. ಫೈನಲ್‌ನಲ್ಲಿ ಬೀಜಿಂಗ್‌ನಲ್ಲಿ ಚೀನಾ ವಿರುದ್ಧ 3–1. ಗೋಲು ಬದಲಿಸಿ ಅಂತ ಕೇಳುವ ಬುದ್ಧಿ ಬೆಂಚಿನಿಂದ ಬಂದದ್ದಲ್ಲ, ಮೈದಾನದಲ್ಲಿದ್ದ ಆಟಗಾರನದು. ಜಿಕೊ ಕಲಿಸಬೇಕು ಅಂದುಕೊಂಡಿದ್ದೂ ಅದನ್ನೇ. 2006ರ ವಿಶ್ವಕಪ್‌ಗೆ ಅರ್ಹತಾ ಪಂದ್ಯ ಆಡಿ ಮೊದಲು ಜಾಗ ಪಡೆದ ತಂಡ ಇದೇ ಜಪಾನ್.

ಹಾಗಾದರೆ ಜರ್ಮನಿಯಲ್ಲಿ ಏನಾಯಿತು? 2006ರ ಜೂನ್ 12, ಕೈಸರ್ಸ್‌ಲೌಟರ್ನ್, ಎದುರಿಗೆ ಆಸ್ಟ್ರೇಲಿಯಾ. 84ನೇ ನಿಮಿಷದವರೆಗೆ ಜಪಾನ್ 1–0 ಮುಂದಿತ್ತು. ಆಸ್ಟ್ರೇಲಿಯಾದ ಕೋಚ್ ಹಿಡಿಂಕ್ ಕೇಹಿಲ್, ಕೆನಡಿ, ಅಲೋಯಿಸಿ ಮೂವರನ್ನು ಒಬ್ಬರಾದ ಮೇಲೆ ಒಬ್ಬರನ್ನು ಇಳಿಸಿ, ಉದ್ದನೆಯ ಚೆಂಡುಗಳನ್ನು ಮೇಲಿಂದ ಮೇಲೆ ಎಸೆಯಿಸಿದರು. ಬಿಸಿಲು ಬೇರೆ, ಜಪಾನ್ ಡಿಫೆನ್ಸ್ ಸುಸ್ತಾಗಿತ್ತು. ಜಿಕೊ 79ನೇ ನಿಮಿಷದಲ್ಲಿ ಮುಂದಿನ ಸಾಲಿನ ಯಾನಗಿಸಾವಾ ಅವರನ್ನು ತೆಗೆದು ಮಿಡ್‌ಫೀಲ್ಡರ್ ಓನೊ ಅವರನ್ನು ಇಳಿಸಿದರು. ಈಗ ಎರಡನೇ ಗೋಲಿಗೆ ಹೋಗಬೇಕಾ, ಇರುವ ಒಂದನ್ನು ಕಾಯಬೇಕಾ? ಮೈದಾನದಲ್ಲಿ ಯಾರಿಗೂ ಸ್ಪಷ್ಟ ಇದ್ದ ಹಾಗೆ ಕಾಣಲಿಲ್ಲ. ಎಂಟೇ ನಿಮಿಷದಲ್ಲಿ ಮೂರು ಗೋಲು ಬಿದ್ದವು. 3–1.

ಇಲ್ಲಿ ತಪ್ಪು ಜಿಕೊ ಅವರದೇ, ನಾನು ಯಾವ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಪಂದ್ಯ ಕೈ ಜಾರುತ್ತಿರುವಾಗ ಬೆಂಚಿನಿಂದ ಹಿಡಿದು ನಿಲ್ಲಿಸುವುದು ಒಂದು ಬೇರೆಯೇ ವಿದ್ಯೆ. ಹಿಡಿಂಕ್‌ಗೆ ಅದು ಕರಗತ, ಜಿಕೊಗೆ ಅಲ್ಲ. ಆಮೇಲೆ ಕ್ರೊಯೇಷಿಯಾ ಜೊತೆ 0–0. ಕೊನೆಯ ಪಂದ್ಯ ತಮ್ಮದೇ ದೇಶ ಬ್ರೆಜಿಲ್ ವಿರುದ್ಧ. ಜಪಾನ್ ಮೊದಲ ಗೋಲು ಹೊಡೆಯಿತು, ಆಮೇಲೆ ರೊನಾಲ್ಡೊ ಎದ್ದರು, 4–1. ಪಂದ್ಯ ಮುಗಿದ ಮೇಲೆ ನಕಾಟಾ ಮೈದಾನದ ನಡುವೆ ಅಂಗಾತ ಮಲಗಿಬಿಟ್ಟಿದ್ದರು. 29ನೇ ವಯಸ್ಸಿಗೆ ಅದೇ ಅವರ ಕೊನೆಯ ಪಂದ್ಯ.

ಮುಂದಿನ ಕೆಲವು ವರ್ಷ ಅಲೆದಾಟ. ಫೆನರ್‌ಬಾಚೆಯ ಎರಡು ವರ್ಷ ಮಾತ್ರ ಚೆನ್ನಾಗಿತ್ತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ತಾಷ್ಕೆಂಟ್, ಮಾಸ್ಕೋ, ಗ್ರೀಸ್‌ನ ಒಲಿಂಪಿಯಾಕೋಸ್. ಎಲ್ಲೂ ಒಂದು ವರ್ಷ ನಿಲ್ಲಲಿಲ್ಲ. 2011ರಲ್ಲಿ ಇರಾಕ್ ತಂಡ. ತಮ್ಮ ಮನೆ ಪಂದ್ಯಗಳನ್ನು ಕತಾರಿನ ದೋಹಾದಲ್ಲಿ ಆಡಬೇಕಾದ ತಂಡ ಅದು. ಅದನ್ನೂ ಅರ್ಹತಾ ಪಂದ್ಯಗಳ ಕೊನೆಯ ಸುತ್ತಿಗೆ ಮುಟ್ಟಿಸಿದರು. ಒಪ್ಪಂದದ ಪ್ರಕಾರ ನಡೆದುಕೊಳ್ಳಲಿಲ್ಲ ಅಂತ 2012ರ ನವೆಂಬರಿನಲ್ಲಿ ಬಿಟ್ಟು ಬಂದರು.

ಬ್ರೆಜಿಲ್ ಕೋಚ್ ಯಾಕಾಗಲಿಲ್ಲ ಅಂತ ಕೇಳಿದ್ದೀರಿ. 1998ರ ವಿಶ್ವಕಪ್‌ನಲ್ಲಿ ಕೋಚ್ ಜಗಾಲೊ ಜೊತೆ ಟೆಕ್ನಿಕಲ್ ಕೋಆರ್ಡಿನೇಟರ್ ಆಗಿ ಇದ್ದರು. ಆ ತಂಡ ಫೈನಲ್ ಸೋತಿತು. ಬ್ರೆಜಿಲ್ ಒಳಗೆ ಒಂದು ದೊಡ್ಡ ಕ್ಲಬ್ಬಿಗೂ ಅವರು ಕೋಚ್ ಆಗಿಲ್ಲ, ಇದನ್ನು ಜನ ಗಮನಿಸುವುದೇ ಇಲ್ಲ. ಅಲ್ಲಿ ಕೋಚ್ ಕುರ್ಚಿ ಅಂದರೆ ನಾಲ್ಕು ಪಂದ್ಯ ಸೋತರೆ ಮನೆಗೆ. ಫ್ಲಮೆಂಗೊ ಜನ ದೇವರ ಹಾಗೆ ನೋಡುವ ಮನುಷ್ಯ, ಅದೇ ಜನರ ಬೈಗುಳ ಯಾಕೆ ತಿನ್ನಬೇಕು ಹೇಳಿ. 2010ರಲ್ಲಿ ಫ್ಲಮೆಂಗೊದಲ್ಲಿ ಫುಟ್‌ಬಾಲ್ ಡೈರೆಕ್ಟರ್ ಆಗಿ ಹೋಗಿ ನೋಡಿದರು. ಕ್ಲಬ್ಬಿನ ಒಳಜಗಳ ನೋಡಿ ನಾಲ್ಕೇ ತಿಂಗಳಿಗೆ ಕೈ ಮುಗಿದು ಬಂದರು.

ಈಗ ನಿಮ್ಮ ಗೋವಾ. 2014ರಲ್ಲಿ ಬಂದರು. ಮಾಲೀಕರಲ್ಲಿ ವಿರಾಟ್ ಕೊಹ್ಲಿ ಒಬ್ಬರು, ಹಾಗಾಗಿ ನಮ್ಮ ಆರ್‌ಸಿಬಿ ಹುಡುಗರಲ್ಲೂ ಕೆಲವರು ಗೋವಾ ಕಡೆ ವಾಲಿದ್ದು ನನಗೆ ನೆನಪಿದೆ. ಬೆಂಗಳೂರು ಎಫ್‌ಸಿ ಆಗ ಐ–ಲೀಗ್ ಎಂಬ ಬೇರೆ ಲೀಗ್‌ನಲ್ಲಿತ್ತು, ಗೋವಾ ಆಡುತ್ತಿದ್ದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದದ್ದು 2017ರಲ್ಲಿ, ಅಷ್ಟೊತ್ತಿಗೆ ಜಿಕೊ ಹೋಗಿಯಾಗಿತ್ತು. ಮೊದಲ ವರ್ಷ ಎರಡನೇ ಸ್ಥಾನ, ಸೆಮಿಫೈನಲ್‌ನಲ್ಲಿ ಅಟ್ಲೆಟಿಕೊ ಡಿ ಕೋಲ್ಕತ್ತಾ ಜೊತೆ ಎರಡೂ ಪಂದ್ಯ ಗೋಲಿಲ್ಲದ ಡ್ರಾ, ಶೂಟೌಟ್‌ನಲ್ಲಿ ಸೋಲು. ಎರಡನೇ ವರ್ಷ ಲೀಗ್ ಹಂತದಲ್ಲಿ ಮೊದಲ ಸ್ಥಾನ. ಮುಂಬೈ ಸಿಟಿಗೆ 7–0 ಬಡಿದದ್ದೂ ಆಗಲೇ, ಡುಡು ಮತ್ತು ಹಾವ್ಕಿಪ್ ಇಬ್ಬರದೂ ಹ್ಯಾಟ್ರಿಕ್. ಡಿಸೆಂಬರ್ 20ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಫೈನಲ್, ಎದುರಿಗೆ ಚೆನ್ನೈಯಿನ್. 87ನೇ ನಿಮಿಷದಲ್ಲಿ ಜೋಫ್ರೆ ಫ್ರೀಕಿಕ್ ಹೊಡೆದು 2–1. ಕಪ್ ಬಂತು ಅಂದುಕೊಂಡರು. 90ನೇ ನಿಮಿಷದಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಕೈಯಿಂದಲೇ ಚೆಂಡು ಸ್ವಂತ ಗೋಲಿಗೆ ಹೋಯಿತು. ಹೆಸರು ಕೇಳಿದರೆ ನಮ್ಮ ಕಡೆಯದೇ, ಆದರೆ ಹುಡುಗ ಗೋವಾದವನು. ಎರಡು ನಿಮಿಷ ಆದ ಮೇಲೆ ಚೆನ್ನೈಯಿನ್‌ನ ಮೆಂಡೋಜಾ ಇನ್ನೊಂದು ಹೊಡೆದ. 3–2.

ಮತ್ತೆ ಕೊನೆಯ ಐದು ನಿಮಿಷ, ನೋಡಿ. ಕೈಸರ್ಸ್‌ಲೌಟರ್ನ್ ಇಲ್ಲೂ ಬಂತು. ಇದನ್ನು ಬರೀ ದುರದೃಷ್ಟ ಅಂತ ಒಂದು ಸಲ ಹೇಳಬಹುದು. ಎರಡು ಸಲ ಹೇಳಲು ನನಗೆ ಮನಸ್ಸಿಲ್ಲ.

2016ರಲ್ಲಿ ಕೊನೆಯ ಸ್ಥಾನ. ಅದಕ್ಕೂ ಕಾರಣ ಇದೆ. ಆಗಿನ ಐಎಸ್‌ಎಲ್ ಅಂದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಲೀಗ್ ಹಂತದಲ್ಲಿ 14 ಪಂದ್ಯ. ಮಿಕ್ಕ ತಿಂಗಳು ಆಟಗಾರರು ಬೇರೆ ಕ್ಲಬ್ಬುಗಳಲ್ಲಿ. ಕಾಶಿಮಾದಲ್ಲಿ ವರ್ಷಗಟ್ಟಲೆ ಕೂತು ಅಭ್ಯಾಸ ಮಾಡಿಸಿದವರಿಗೆ ಇಲ್ಲಿ ಸಿಕ್ಕಿದ್ದು ಮದುವೆ ಮನೆಯ ಅಡಿಗೆಯವರ ಕೆಲಸ. ಬಂದರು, ಬಡಿಸಿದರು, ಹೋದರು. ಆದರೂ ರೋಮಿಯೊ ಫರ್ನಾಂಡಿಸ್ ಎಂಬ ಗೋವಾದ ಹುಡುಗ 2015ರಲ್ಲಿ ಬ್ರೆಜಿಲ್‌ನ ಅಟ್ಲೆಟಿಕೊ ಪರಾನಾಯೆನ್ಸೆ ಕ್ಲಬ್ಬಿಗೆ ಲೋನ್ ಮೇಲೆ ಹೋಗಿಬಂದ. ನಮ್ಮ ಹುಡುಗನೊಬ್ಬನಿಗೆ ಅಂಥ ಬಾಗಿಲು ಸುಮ್ನೆ ತೆರೆಯುವುದಿಲ್ಲ.

ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗಲ್ಲ ಅನ್ನುವ ಮಾತಿಗೆ ಜಗಾಲೊ ಒಬ್ಬರೇ ಸಾಕು. 1958, 1962ರಲ್ಲಿ ಆಟಗಾರನಾಗಿ ವಿಶ್ವಕಪ್ ಗೆದ್ದರು, 1970ರಲ್ಲಿ ಕೋಚ್ ಆಗಿ ಗೆದ್ದರು. ಆದರೆ ಜಗಾಲೊ ಹಿಂದೆ ಓಡಿಬಂದು ಡಿಫೆನ್ಸ್‌ಗೆ ಕೈಜೋಡಿಸುತ್ತಿದ್ದ ವಿಂಗರ್. ಚೆಂಡು ತನ್ನ ಹತ್ತಿರ ಇಲ್ಲದಾಗ ಏನು ಮಾಡಬೇಕು ಅಂತ ಆಡುವಾಗಲೇ ಲೆಕ್ಕ ಹಾಕುತ್ತಿದ್ದವರು. ಜಿಕೊ ಆಟವೆಲ್ಲ ಚೆಂಡು ಕಾಲಲ್ಲಿದ್ದಾಗಿನದು. ಕೋಚ್ ಆಗಿಯೂ ಹಾಗೇ ಉಳಿದರು.

ನೋಡಬೇಕಾದ ಪಂದ್ಯ ಹೇಳುತ್ತೇನೆ. 2008ರ ಮಾರ್ಚ್ 4, ಚಾಂಪಿಯನ್ಸ್ ಲೀಗ್, ಸ್ಪೇನ್‌ನಲ್ಲಿ ಸೆವಿಯಾ ವಿರುದ್ಧ ಫೆನರ್‌ಬಾಚೆ. ಇಸ್ತಾಂಬುಲ್‌ನಲ್ಲಿ ಮೊದಲ ಪಂದ್ಯ 3–2 ಗೆದ್ದು ಬಂದಿದ್ದರು. ಫೆನರ್‌ಬಾಚೆಯ ಗೋಲ್‌ಕೀಪರ್ ವೊಲ್ಕಾನ್ ಡೆಮಿರೆಲ್ ಮೊದಲ ಒಂಬತ್ತೇ ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟರು, ಎರಡರಲ್ಲೂ ಅವರ ತಪ್ಪೇ ಕಾಣುತ್ತಿತ್ತು. ಮೊದಲನೆಯದು ಸೆವಿಯಾದ ದಾನಿ ಆಲ್ವೆಸ್ ದೂರದಿಂದ ಒದ್ದದ್ದು. ಟಿವಿ ಮುಂದೆ ಕೂತ ಯಾರಾದರೂ ಇವನನ್ನು ಹೊರಗೆ ಕರೆಸಿ ಅನ್ನುತ್ತಿದ್ದರು. ಜಿಕೊ ಕರೆಸಲಿಲ್ಲ. ಸೆವಿಯಾ ಇನ್ನೂ ಒಂದು ಗೋಲು ಹೊಡೆದರೂ, ಫೆನರ್‌ಬಾಚೆಯ ಡೇವಿಡ್ ಎರಡು ಗೋಲು ಹೊಡೆದು ಎರಡೂ ಪಂದ್ಯದ ಒಟ್ಟು ಲೆಕ್ಕ 5–5ಕ್ಕೆ ತಂದರು, ಶೂಟೌಟ್‌ವರೆಗೂ ಹೋಯಿತು. ಅದೇ ವೊಲ್ಕಾನ್ ಮೂರು ಪೆನಾಲ್ಟಿ ತಡೆದರು. ಕೊನೆಯದನ್ನು ಒದೆಯಲು ಬಂದವರು ದಾನಿ ಆಲ್ವೆಸ್.